ಲಂಡನ್ನಿನ ಕಛೇರಿ, ಮೈಸೂರಿನ ತಟ್ಟೆ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ತಟ್ಟೆಗಳನ್ನು ಕೂಡಿಡುವ ಇಬ್ಬರು ಒಂದೆಡೆ ಕೂತರೆ ಮಾತು ಬಹಳ ಹೊತ್ತು ಸೌಜನ್ಯದಲ್ಲಿ ಉಳಿಯುವುದಿಲ್ಲ. ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಎಂದೊಡನೆ, ಗ್ಲೆನ್ ಗೂಲ್ಡ್ 1955ರಲ್ಲಿ ನುಡಿಸಿದ್ದು ಮೇಲೋ, ಅದೇ ಗೂಲ್ಡ್ 1981ರಲ್ಲಿ ನಿಧಾನಿಸಿ ನುಡಿಸಿದ್ದು ಮೇಲೋ ಎಂದು ಶುರುವಾಗುತ್ತದೆ. ಬೀಥೋವನ್ ಎಂದರೆ ಟೋಸ್ಕನಿನಿ ಪಕ್ಷ, ಫುರ್ಟ್‌ವೆಂಗ್ಲರ್ ಪಕ್ಷ ಎಂದು ಎರಡು ಪಂಗಡ. ಒಬ್ಬರು ತೀರಿಕೊಂಡದ್ದು 1957ರಲ್ಲಿ, ಇನ್ನೊಬ್ಬರು 1954ರಲ್ಲಿ. ಪಂಗಡಗಳು ಮಾತ್ರ ಇನ್ನೂ ಗಟ್ಟಿಮುಟ್ಟಾಗಿವೆ. ಈ ಖಾಯಂ ಜಗಳಗಳ ಪಟ್ಟಿಯಲ್ಲಿ ರಿಚರ್ಡ್ ಸ್ಟ್ರಾಸ್ ಅವರ ‘ಕೊನೆಯ ನಾಲ್ಕು ಹಾಡುಗಳು’ ತಪ್ಪದೆ ಬರುತ್ತದೆ. ಹೆಣ್ಣುದನಿಯೊಂದು, ಅದರ ಹಿಂದೆ ದೊಡ್ಡ ವಾದ್ಯವೃಂದ, ಎಲ್ಲ ಸೇರಿ ಇಪ್ಪತ್ತು ಚಿಲ್ಲರೆ ನಿಮಿಷ. ಅಷ್ಟಕ್ಕೆ ಹತ್ತಾರು ಧ್ವನಿಮುದ್ರಿಕೆಗಳು, ಪ್ರತಿಯೊಂದಕ್ಕೂ ಅದರದೇ ಭಕ್ತವೃಂದ. ಈ ಜಗಳದ ಜಾಡು ಹಿಡಿದು ಹಿಂದೆ ಹೋದರೆ ಸಿಗುವ ವಿಳಾಸ ಮೈಸೂರಿನದು.

ಸ್ಟ್ರಾಸ್ ಈ ಹಾಡುಗಳನ್ನು ಬರೆದದ್ದು 1948ರಲ್ಲಿ, ಎಂಬತ್ತನಾಲ್ಕರ ಆಸುಪಾಸಿನಲ್ಲಿ. ಯುದ್ಧ ಮುಗಿದು, ಅವರು ಸ್ವಿಟ್ಜರ್‌ಲೆಂಡಿನಲ್ಲಿ ದಿನ ಕಳೆಯುತ್ತಿದ್ದ ಕಾಲ. ಮೂರು ಹಾಡುಗಳಿಗೆ ಹರ್ಮನ್ ಹೆಸ್ಸೆ ಅವರ ಕವಿತೆಗಳು. ‘ಸಿದ್ಧಾರ್ಥ’ ಕಾದಂಬರಿಯಿಂದ ನಮಗೆ ಪರಿಚಯವಾದ ಹೆಸ್ಸೆಯೇ. ನಾಲ್ಕನೆಯದಕ್ಕೆ ಹಿಂದಿನ ಶತಮಾನದ ಐಶೆನ್‌ಡಾರ್ಫ್ ಬರೆದ ಕವಿತೆ: ಬಾಳೆಲ್ಲ ಜೊತೆಯಾಗಿ ನಡೆದು ದಣಿದ ಇಬ್ಬರು ಸಂಜೆಗೆಂಪಿನಲ್ಲಿ ನಿಂತು, ಇದೇ ಸಾವಿರಬಹುದೇ ಎಂದು ಕೇಳಿಕೊಳ್ಳುವುದು ಅದರ ವಸ್ತು. ಆ ಪ್ರಶ್ನೆ ಬಂದ ಕೂಡಲೇ ವಾದ್ಯವೃಂದದಲ್ಲಿ ಸ್ಟ್ರಾಸ್ ತಮ್ಮದೇ ಹಳೆಯ ಸ್ವರಮಾಲೆಯೊಂದನ್ನು ತರುತ್ತಾರೆ. ಸುಮಾರು ಅರವತ್ತು ವರ್ಷ ಹಿಂದೆ, ಇಪ್ಪತ್ತೈದರ ಹರೆಯದಲ್ಲಿ ಮುಗಿಸಿದ್ದ ‘ಸಾವು ಮತ್ತು ರೂಪಾಂತರ’ ಎಂಬ ಕೃತಿಯದು. ಸಾವನ್ನು ಯೌವನದಲ್ಲಿ ಕಲ್ಪಿಸಿಕೊಂಡು ಬರೆದದ್ದು ಮುಪ್ಪಿನಲ್ಲಿ ಸರಿಯಿತ್ತೆಂದು ಒಪ್ಪಿದ ಹಾಗೆ.

ನಾಲ್ಕನ್ನೂ ಒಂದು ಮಾಲೆಯಾಗಿ ಕಟ್ಟಿ ಹೆಸರಿಟ್ಟವರು ಸ್ಟ್ರಾಸ್ ಅಲ್ಲ, ಅವರ ಪ್ರಕಾಶಕ ಅರ್ನ್ಸ್ಟ್ ರಾತ್. ಸ್ಟ್ರಾಸ್ ಬಯಸಿದ್ದು ಒಂದೇ: ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಇವನ್ನು ಮೊದಲು ಹಾಡಬೇಕು, ಒಳ್ಳೆಯ ನಿರ್ವಾಹಕರೂ ಒಳ್ಳೆಯ ವಾದ್ಯವೃಂದವೂ ಜೊತೆಗಿರಬೇಕು. ಅದನ್ನು ಕೇಳುವ ಭಾಗ್ಯ ಅವರಿಗಿರಲಿಲ್ಲ. 1949ರ ಸೆಪ್ಟೆಂಬರ್ 8ರಂದು ತೀರಿಕೊಂಡರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಫುರ್ಟ್‌ವೆಂಗ್ಲರ್ ನಡೆಸಿದರು, ಐವತ್ತನಾಲ್ಕರ ಫ್ಲಾಗ್‌ಸ್ಟಾಡ್ ಹಾಡಿದರು. ಕಛೇರಿಯ ಖರ್ಚಿಗೆ 4,800 ಡಾಲರಿನ ಖಾತರಿ ಕೊಟ್ಟವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. ಅವರಿಗೆ ಲಂಡನ್ನಿಗೆ ಹೋಗಲಾಗಲಿಲ್ಲ. ಆ ಜನವರಿಯಲ್ಲಷ್ಟೇ ಗಣರಾಜ್ಯ ಬಂದು, ಮಹಾರಾಜರು ರಾಜಪ್ರಮುಖರಾಗಿದ್ದರು. ಹಾಗಾಗಿ ಹಾಡುಗಾರಿಕೆಯನ್ನು ಅಸಿಟೇಟ್ ತಟ್ಟೆಗಳಲ್ಲಿ ಮುದ್ರಿಸಿ ಹಡಗಿನಲ್ಲಿ ಮೈಸೂರಿಗೆ ಕಳುಹಿಸುವ ಏರ್ಪಾಟಾಯಿತು. ಇವತ್ತು ಫ್ಲಾಗ್‌ಸ್ಟಾಡ್ ಅವರ ಆ ಮೊದಲ ಗಾಯನವನ್ನು ನಾವು ಕೇಳಬಲ್ಲೆವಾದರೆ ಅದಕ್ಕೆ ಕಾರಣ, ಏಳು ಸಾವಿರ ಕಿಲೋಮೀಟರಿಗೂ ಆಚೆ ಕೂತ ಒಬ್ಬ ಸಂಗ್ರಾಹಕ ‘ನನಗದು ಬೇಕು’ ಅಂದದ್ದು.

ಸಂಗ್ರಾಹಕ ಎಂದೇ ಅನ್ನುತ್ತೇನೆ. ನಮ್ಮಲ್ಲಿ ಅವರ ನೆನಪು ಬೇರೆ ಬಗೆಯದು: ‘ಶ್ರೀವಿದ್ಯಾ’ ಅಂಕಿತದ ತೊಂಬತ್ತನಾಲ್ಕು ಕೃತಿಗಳ ವಾಗ್ಗೇಯಕಾರ, ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತವರು, ವಾಸುದೇವಾಚಾರ್ಯರ ಆಶ್ರಯದಾತ. ಇದೇ ಮನುಷ್ಯ ಹುಡುಗನಾಗಿದ್ದಾಗಿನಿಂದ ಪಿಯಾನೊ ಹಿಡಿದವರು, ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಷಿಯೇಟ್ ಪರೀಕ್ಷೆ ಪಾಸು ಮಾಡಿದವರು. 1940ರ ಮಾರ್ಚಿನಲ್ಲಿ ತಂದೆ, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿಯವರು ತೀರಿಕೊಂಡರು. ಇಪ್ಪತ್ತೊಂದಕ್ಕೆ ಪಟ್ಟ. ವೇದಿಕೆಯ ಮೇಲೆ ಕೂತು ಪಿಯಾನೊ ನುಡಿಸುವ ದಾರಿ ಅಲ್ಲಿಗೆ ಮುಚ್ಚಿತು. ಉಳಿದದ್ದು ತಟ್ಟೆ. ಅವರ ಸಂಗ್ರಹ ಇಪ್ಪತ್ತು ಸಾವಿರದಷ್ಟು ತಟ್ಟೆಗಳದ್ದು ಎಂದು ಆಗಿನ ಅಂದಾಜು.

ಇ.ಎಂ.ಐ. ಕಂಪನಿಯ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ 1949ರಲ್ಲಿ ಮೈಸೂರಿಗೆ ಬಂದರು. ಮೊದಲ ದರ್ಜೆಯ ಕಿವಿ, ಅಷ್ಟೇ ಮೊದಲ ದರ್ಜೆಯ ಅಹಂಕಾರ ಎಂದು ಹೆಸರಾದ ಮನುಷ್ಯ. ಫಿಲ್‌ಹಾರ್ಮೋನಿಯಾ ಅವರೇ 1945ರಲ್ಲಿ ಕಟ್ಟಿದ ವಾದ್ಯವೃಂದ. ಅವರು ಬರೆದಿಟ್ಟ ನೆನಪುಗಳಲ್ಲಿ ಮೈಸೂರಿನ ಭಾಗ ಓದುವಂತಿದೆ. ಮೂವತ್ತೂ ತುಂಬದ ಮಹಾರಾಜ, ಅರಮನೆಯೊಂದರಲ್ಲಿ ಗಂಭೀರ ಸಂಗೀತದ್ದು ಎನ್ನಬಹುದಾದ ಎಲ್ಲ ಧ್ವನಿಮುದ್ರಿಕೆಗಳ ಭಂಡಾರ, ಬಗೆಬಗೆಯ ಧ್ವನಿವರ್ಧಕಗಳು, ಕಛೇರಿಗೆ ನುಡಿಸುವಂಥ ದೊಡ್ಡ ಪಿಯಾನೊಗಳು. ಯುದ್ಧಾನಂತರದ ಲಂಡನ್ನಿನ ಕಡುಕಷ್ಟದಿಂದ ಬಂದವರಿಗೆ ಕಣ್ಣು ಕೋರೈಸಿರಬೇಕು. ಲೆಗ್ ಬರಿಗೈಯಲ್ಲಿ ಹಿಂತಿರುಗಲಿಲ್ಲ. ವಾದ್ಯವೃಂದಕ್ಕೂ ಅದರ ಕಛೇರಿಗಳಿಗೂ ವರ್ಷಕ್ಕೆ ಹತ್ತು ಸಾವಿರ ಪೌಂಡಿನಂತೆ ಮೂರು ವರ್ಷ ಕೊಡುವ ಮಾತಾಯಿತು. ಕರಾಯನ್ ನಿರ್ವಹಣೆಯಲ್ಲಿ ಬಲಾಕಿರೆವ್ ಅವರ ಮೊದಲ ಸಿಂಫನಿ, ರೂಸೆಲ್ ಅವರ ನಾಲ್ಕನೆಯ ಸಿಂಫನಿ ಮುದ್ರಣವಾದದ್ದು ಮೈಸೂರಿನ ಹಣದಿಂದ. ಆಗ ಕರಾಯನ್ ಇನ್ನೂ ಯುದ್ಧಕಾಲದ ನಾಟ್ಸಿ ನಂಟಿನ ಕರಿನೆರಳಿನಿಂದ ಹೊರಬರುತ್ತಿದ್ದರು. ಮುಂದೆ ಜಗತ್ತಿನಲ್ಲೇ ಅತಿ ಹೆಚ್ಚು ತಟ್ಟೆ ಮಾರಿದ ನಿರ್ವಾಹಕರಲ್ಲೊಬ್ಬರಾದರು.

ಬಲಾಕಿರೆವ್, ರೂಸೆಲ್. ಈ ಹೆಸರುಗಳನ್ನು ಗಮನಿಸಿ. ದುಡ್ಡಿದ್ದವನು ಸಾಮಾನ್ಯವಾಗಿ ಕೇಳುವುದು ಮೊಜಾರ್ಟ್, ಬೀಥೋವನ್. ಅವು ಮೈಸೂರಿನ ಕಪಾಟಿನಲ್ಲಿ ನಾಲ್ಕು ನಾಲ್ಕು ಬಗೆಯಲ್ಲಿ ಆಗಲೇ ಇದ್ದವು. ಇರುವುದನ್ನೆಲ್ಲ ತಂದಿಟ್ಟುಕೊಂಡು ಒಂದರ ಪಕ್ಕ ಒಂದನ್ನು ಹಾಕಿ ಕೇಳಿದವನಿಗಷ್ಟೇ ಯಾವುದು ಇಲ್ಲ ಎಂಬುದು ಕಾಣುತ್ತದೆ. ಸಂಗ್ರಾಹಕರ ಹೋಲಿಕೆಯ ಚಟವನ್ನು ಹೊರಗಿನವರು ಕೆಲಸವಿಲ್ಲದವರ ಕಾಲಹರಣ ಎಂದುಕೊಳ್ಳುತ್ತಾರೆ. ಆ ಚಟದ ನಿಜವಾದ ಫಲ ಈ ಕೊರತೆಯ ಅರಿವು ಎಂದು ನನ್ನ ಎಣಿಕೆ. ಇಲ್ಲದ್ದು ಎದ್ದು ಕಂಡ ಮೇಲೆ ಕೆಲವರು ಸುಮ್ಮನಿರುವುದಿಲ್ಲ.

ನಿಕೊಲಾಯ್ ಮೆಟ್ನರ್ ಅವರ ಕಥೆ ಇದಕ್ಕೆ ಸಾಕ್ಷಿ. ರಷ್ಯದ ಈ ಪಿಯಾನೊ ವಾದಕ-ಸಂಯೋಜಕ ರಾಖ್ಮಾನಿನಾವ್ ಅವರ ಆಪ್ತ ಗೆಳೆಯ. ರಾಖ್ಮಾನಿನಾವ್ ತಮ್ಮ ನಾಲ್ಕನೆಯ ಕಾಂಚೆರ್ಟೊವನ್ನು ಮೆಟ್ನರ್‌ಗೆ ಅರ್ಪಿಸಿದರೆ ಮೆಟ್ನರ್ ತಮ್ಮ ಎರಡನೆಯದನ್ನು ರಾಖ್ಮಾನಿನಾವ್‌ಗೆ ಅರ್ಪಿಸಿದರು. ಗೆಳೆಯ ಜಗತ್ಪ್ರಸಿದ್ಧರಾದರು; ಇವರು ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಬಡಾವಣೆಯಲ್ಲಿ ಬಡತನ, ಹೃದ್ರೋಗಗಳ ನಡುವೆ ಉಳಿದರು. ಹೊಸಗಾಲದ ಸಂಗೀತ ಇವರಿಗೆ ಸೇರದು, ಹೊಸಗಾಲಕ್ಕೆ ಇವರು ಬೇಡ. ಆಗ ಇಪ್ಪತ್ತೇಳರ ಮೈಸೂರು ಮಹಾರಾಜರು 1946ರಲ್ಲಿ ಮೆಟ್ನರ್ ಸೊಸೈಟಿಗೆ ಹಣ ಕೊಟ್ಟು, ಸಂಯೋಜಕರೇ ಕೂತು ತಮ್ಮ ಕೃತಿಗಳನ್ನು ನುಡಿಸಿ ಮುದ್ರಿಸುವ ವ್ಯವಸ್ಥೆ ಮಾಡಿದರು. ಫಿಲ್‌ಹಾರ್ಮೋನಿಯಾ ಜೊತೆ ಮೂರೂ ಕಾಂಚೆರ್ಟೊಗಳು, ಪಿಯಾನೊ ಬಿಡಿರಚನೆಗಳು, ಹಾಡುಗಳು ಎಚ್.ಎಂ.ವಿ. ತಟ್ಟೆಗಳಾಗಿ ಬಂದವು. ಮೂರನೆಯ ಕಾಂಚೆರ್ಟೊದ ಅರ್ಪಣೆ ಮೈಸೂರು ಮಹಾರಾಜರಿಗೆ. 1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡರು. ಒಂದೆರಡು ವರ್ಷ ತಡವಾಗಿದ್ದರೆ ಅವರ ಬೆರಳಿನ ಸದ್ದು ಇಷ್ಟು ವಿವರವಾಗಿ ಉಳಿಯುತ್ತಿರಲಿಲ್ಲ.

‘ಸೊಸೈಟಿ’ ಎಂಬ ಈ ಪದ್ಧತಿಯನ್ನು 1931ರಲ್ಲಿ ಶುರುಮಾಡಿದವರೂ ಲೆಗ್. ಹ್ಯೂಗೊ ವೊಲ್ಫ್ ಅವರ ಹಾಡುಗಳನ್ನು ಕೊಳ್ಳುವವರಿಲ್ಲ ಎಂದು ಕಂಪನಿ ಹಿಂಜರಿದಾಗ, ಸಂಗ್ರಾಹಕರಿಂದ ಮುಂಗಡ ಚಂದಾ ಎತ್ತಿದರು. ಐದು ನೂರು ಮಂದಿ ಸೇರಿದ ಮೇಲೆ ಮುದ್ರಣ. ಮುಂದೆ ಆರ್ಟುರ್ ಶ್ನಾಬೆಲ್ ನುಡಿಸಿದ ಬೀಥೋವನ್ನನ ಮೂವತ್ತೆರಡೂ ಸೊನಾಟಾಗಳು ಇದೇ ದಾರಿಯಲ್ಲಿ ಹೊರಬಂದವು. ಮೆಟ್ನರ್ ವಿಷಯದಲ್ಲಿ ಐದು ನೂರು ಚಂದಾದಾರರ ಕೆಲಸವನ್ನು ಒಬ್ಬರೇ ಮಾಡಿದರು.

ಇದೆಲ್ಲ ಯಾರ ದುಡ್ಡು ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಯುದ್ಧದಿಂದ, ರೇಷನ್ನಿನಿಂದ ಜನ ಸೋತಿದ್ದ ಕಾಲದಲ್ಲಿ ಮೈಸೂರಿನ ಅರಮನೆಯ ಹಣ ಲಂಡನ್ನಿನ ವಾದ್ಯಗಾರರಿಗೆ ಹೋದದ್ದು ಲೆಕ್ಕಕ್ಕೆ ಬಾರದ ಸಂಗತಿಯಲ್ಲ. ಆದರೂ ದೇಶದ ಇತರ ಅರಮನೆಗಳು ಆ ದಶಕಗಳಲ್ಲಿ ಕಾರು, ಕುದುರೆ, ಬೇಟೆಗೆ ಸುರಿದದ್ದನ್ನು ಪಕ್ಕದಲ್ಲಿಟ್ಟರೆ, ಯಾರು ಬೇಕಾದರೂ ಇವತ್ತೂ ಕೇಳಬಹುದಾದ ವಸ್ತುವೊಂದನ್ನು ಉಳಿಸಿದ ಖರ್ಚು ಇದು. ಸಂಸ್ಥಾನ ಹೋಗಿ ಆದಾಯ ಕುಗ್ಗಿದಂತೆ ಆ ಸಹಾಯವೂ ನಿಂತಿತು.

ಇಲ್ಲಿಗೆ ಬಂದಾಗ ಕನ್ನಡದ ಓದುಗರಿಗೆ ಒಂದು ಸಂಶಯ ಸಹಜ. ಪಾಶ್ಚಾತ್ಯ ಸಂಗೀತದಲ್ಲಿ ಎಲ್ಲವೂ ಕಾಗದದ ಮೇಲೆ ಬರೆದಿದೆಯಲ್ಲ, ಹತ್ತು ಜನ ಹಾಡಿದರೂ ಅದೇ ಸ್ವರ ತಾನೆ, ಹೋಲಿಸುವುದೇನು? ನಮ್ಮಲ್ಲಾದರೆ ಹೋಲಿಕೆಗೆ ಅರ್ಥವಿದೆ. ಅಬ್ದುಲ್ ಕರೀಂ ಖಾನ್ ಅವರು ಮೂರು ಚಿಲ್ಲರೆ ನಿಮಿಷದ 78ರ ತಟ್ಟೆಯಲ್ಲಿ ಕೂರಿಸಿದ ‘ಜಮುನಾ ಕೆ ತೀರ್’ ಭೈರವಿಯನ್ನು, ಅವರ ಶಿಷ್ಯ ಸವಾಯಿ ಗಂಧರ್ವರ ಶಿಷ್ಯ ಭೀಮಸೇನ ಜೋಶಿಯವರು ಬಿಡಿಸಿ ಹಾಡಿದ್ದರ ಜೊತೆ ಕೇಳಿದರೆ, ಒಂದು ಮನೆತನ ಒಂದೇ ಚೀಜನ್ನು ಎಷ್ಟು ಹಿಗ್ಗಿಸಬಲ್ಲದು ಎಂಬುದು ತಿಳಿಯುತ್ತದೆ. 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಗಂಗೂಬಾಯಿ ಹಾನಗಲ್ ಅವರ ತಟ್ಟೆಗಳಲ್ಲಿನ ತೆಳುವಾದ, ಎತ್ತರದ ದನಿಯನ್ನು ಕೇಳಿಸಿ ‘ಇದು ಯಾರು ಹೇಳಿ’ ಎಂದು ಪಂಥ ಕಟ್ಟುವುದು ಹುಬ್ಬಳ್ಳಿ-ಧಾರವಾಡದ ರಸಿಕರಿಗೆ ಹಳೆಯ ಆಟ. ನಲವತ್ತರ ದಶಕದಲ್ಲಿ ಗಂಟಲಿನ ಚಿಕಿತ್ಸೆಯ ನಂತರ ಬಂದ ಆ ಗಂಭೀರ ದನಿಯಷ್ಟೇ ನಮ್ಮ ಕಿವಿಯಲ್ಲಿ ನಿಂತಿರುವುದು.

ಬರೆದಿಟ್ಟ ಸಂಗೀತದಲ್ಲಿ ಇಷ್ಟು ದೂರ ಹೋಗಲಾಗದು. ಆದರೆ ಬೇಲಿ ಕಟ್ಟಿದ ಮೇಲೂ ಒಳಗೆ ಜಾಗವಿದೆ, ಎಷ್ಟೆಂದು ಈ ನಾಲ್ಕು ಹಾಡುಗಳೇ ತೋರಿಸುತ್ತವೆ. ಕೊನೆಯ ಹಾಡು, ಆ ಸಂಜೆಗೆಂಪಿನದು, ಲೀಸಾ ಡೆಲ್ಲಾ ಕಾಸಾ ಅವರ ಧ್ವನಿಮುದ್ರಿಕೆಯಲ್ಲಿ ಆರು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಜೆಸ್ಸೀ ನಾರ್ಮನ್ ಅವರಿಗೆ ಹತ್ತಿರ ಹತ್ತಿರ ಹತ್ತು ನಿಮಿಷ ಬೇಕು. ಸ್ವರಗಳು ಅವೇ, ಪದಗಳು ಅವೇ.

ಡೆಲ್ಲಾ ಕಾಸಾ ಹಾಡಿದ್ದು 1953ರಲ್ಲಿ, ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆ, ಡೆಕ್ಕಾ ಕಂಪನಿಗೆ. ನಿರ್ವಾಹಕ ಕಾರ್ಲ್ ಬೋಮ್ ಸ್ಟ್ರಾಸ್ ಅವರನ್ನು ಹತ್ತಿರದಿಂದ ಬಲ್ಲವರು, ಅವರ ಎರಡು ಒಪೆರಾಗಳ ಮೊದಲ ಪ್ರಯೋಗ ನಡೆಸಿದವರು. ಆ ಸಲಿಗೆಯಿಂದಲೋ ಏನೋ, ಅವರು ಎಲ್ಲೂ ತಡೆದು ನಿಲ್ಲಿಸಿ ‘ನೋಡಿ, ಇದು ಸಾವಿನ ಹಾಡು’ ಎಂದು ಬೊಟ್ಟು ಮಾಡುವುದಿಲ್ಲ. ದನಿ ಬೆಳ್ಳಗಿದೆ, ಹಗುರವಾಗಿದೆ. ಮುದುಕರಿಬ್ಬರು ಮಾತಾಡುತ್ತ ನಡೆಯುವ ವೇಗದಲ್ಲೇ ಹಾಡು ಸಾಗುತ್ತದೆ. ಇಲ್ಲಿ ಹಾಡುಗಳ ಕ್ರಮವೂ ಬೇರೆ. ರಾತ್ ಅಚ್ಚು ಹಾಕಿಸಿದ ಕ್ರಮದಲ್ಲಿ ವಸಂತದ ಹಾಡು ಮೊದಲು. 1950ರ ಲಂಡನ್ನಿನಲ್ಲೂ ಬೋಮ್ ಅವರಲ್ಲೂ ನಿದ್ದೆಗೆ ಹೋಗುವ ಹಾಡು ಮೊದಲು ಬಂದು, ವಸಂತ ಮೂರನೆಯದಾಗುತ್ತದೆ. ಈ ಕ್ರಮದ ಬಗ್ಗೆಯೂ ಸಂಗ್ರಾಹಕರಲ್ಲಿ ವ್ಯಾಜ್ಯವಿದೆ. ಹೊರಗಿನವರಿಗೆ ಇದು ತಮಾಷೆ. ಆದರೆ ಇಳಿಹೊತ್ತಿನ ಎರಡು ಹಾಡುಗಳ ನಂತರ ಥಟ್ಟನೆ ವಸಂತ ಬಂದು, ಅದರ ಬೆನ್ನಿಗೇ ಕೊನೆಯ ಸಂಜೆ ಕವಿಯುವಾಗ ಆಗುವ ಪರಿಣಾಮ ಬೇರೆಯೇ. ನನಗೆ ಈ ಕ್ರಮ ಇಷ್ಟ.

ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಸ್ಟುಡಿಯೊದಲ್ಲಿ ಎರಡು ಬಾರಿ ಹಾಡಿದರು: 1953ರಲ್ಲಿ ಅದೇ ಫಿಲ್‌ಹಾರ್ಮೋನಿಯಾ ಜೊತೆ, ಆಟೊ ಆಕರ್ಮನ್ ನಿರ್ವಹಣೆಯಲ್ಲಿ, 1965ರಲ್ಲಿ ಬರ್ಲಿನ್ನಿನಲ್ಲಿ, ಜಾರ್ಜ್ ಸೆಲ್ ಜೊತೆ. ಲೆಗ್ ಅವರ ಪತ್ನಿ ಇವರು; ಮೆಟ್ನರ್ ಕೊನೆಗಾಲದಲ್ಲಿ ಪಿಯಾನೊಗೆ ಕೂತು ತಮ್ಮ ಹಾಡುಗಳನ್ನು ಮುದ್ರಿಸಿದಾಗ ಹಾಡಿದವರೂ ಇವರೇ. 1965ರ ತಟ್ಟೆ ಬಹುಕಾಲ ಎಲ್ಲ ಪಟ್ಟಿಗಳ ತುದಿಯಲ್ಲಿತ್ತು. ಸೆಲ್ ಅವರ ವಾದ್ಯವೃಂದದಲ್ಲಿ ಒಂದೊಂದು ಎಳೆಯೂ ಬಿಡಿಯಾಗಿ ಕೇಳುತ್ತದೆ, ಅದಕ್ಕೆ ಎದುರಾಡುವಂತಿಲ್ಲ. ಹಾಡುಗಾರಿಕೆಯಲ್ಲಿ ಮಾತ್ರ ಪ್ರತಿ ಪದಕ್ಕೂ ಒಂದು ಬಣ್ಣ, ಪ್ರತಿ ಬಣ್ಣಕ್ಕೂ ಒಂದು ಒತ್ತು. ಬುದ್ಧಿವಂತಿಕೆ ಕಂಡು ಮೆಚ್ಚುತ್ತೇವೆ, ಮೂರನೆಯ ಸಲ ಕೇಳುವಾಗ ಅದೇ ಬುದ್ಧಿವಂತಿಕೆ ಅಡ್ಡ ಬರುತ್ತದೆ. 1953ರದ್ದು ಸರಳ, ಇದಕ್ಕಿಂತ ಚೆನ್ನಾಗಿ ಬಾಳಿದೆ.

ಗುಂಡುಲಾ ಯಾನೋವಿಟ್ಸ್ 1973ರಲ್ಲಿ ಕರಾಯನ್ ಮತ್ತು ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ ಹಾಡಿದ್ದಕ್ಕೆ ಪೂಜೆ ಮಾಡುವವರಿದ್ದಾರೆ. ದನಿಯೇ ವಾದ್ಯವಾಗಿ, ಪಿಟೀಲುಗಳ ನಡುವೆ ಇನ್ನೊಂದು ಪಿಟೀಲಿನಂತೆ ತೇಲುತ್ತದೆ. ಪದಗಳು ಕರಗಿಹೋಗುತ್ತವೆ, ಹೆಸ್ಸೆ ಏನು ಬರೆದರೆಂದು ತಿಳಿಯಬೇಕಾದವರು ಬೇರೆ ಕಡೆ ಹೋಗಬೇಕು. ಜೆಸ್ಸೀ ನಾರ್ಮನ್ 1982ರಲ್ಲಿ ಲೈಪ್‌ಜಿಗ್ ಗೆವಾಂಡ್‌ಹೌಸ್ ವಾದ್ಯವೃಂದ, ಕುರ್ಟ್ ಮಾಸುರ್ ಜೊತೆ ಹಾಡಿದ್ದು ಇದರ ತದ್ವಿರುದ್ಧ. ಅಗಾಧ ದನಿ, ಮುಗಿಯದ ಉಸಿರು. ಆ ನಿಧಾನಗತಿಯಲ್ಲಿ ಬೇರೆ ಯಾರೇ ಹಾಡಿದ್ದರೂ ಹಾಡು ನಡುವೆಯೇ ಕುಸಿದು ಬೀಳುತ್ತಿತ್ತು. ಹೊಸ ಸ್ಪೀಕರ್ ಕೊಂಡವರು ಮೊದಲು ಹಾಕುವ ತಟ್ಟೆ ಇದೇ ಆಗಿರುವುದರಲ್ಲಿ ಆಶ್ಚರ್ಯವಿಲ್ಲ.

ಇವುಗಳ ಎದುರು ಫ್ಲಾಗ್‌ಸ್ಟಾಡ್ ಅವರ ಆ ಅಸಿಟೇಟ್ ಮುದ್ರಿಕೆ ಇಟ್ಟರೆ? ಅಸಿಟೇಟ್ ಎಂದರೆ ಅಲ್ಯುಮಿನಿಯಂ ತಟ್ಟೆಗೆ ಬಳಿದ ಮೆತ್ತನೆಯ ಲೇಪ. ಮುಳ್ಳು ಒಮ್ಮೆ ಹಾದರೆ ಒಂದಿಷ್ಟು ಸವೆಯುತ್ತದೆ. ಬೇಗ ಕೇಳಿ ನೋಡಲು ಮಾಡಿದ್ದೇ ಹೊರತು ಬಾಳಿಕೆಗೆ ಮಾಡಿದ್ದಲ್ಲ. ಎಲ್‌ಪಿಯಾಗಿ ಹೊರಬರುವ ಹೊತ್ತಿಗೆ ಈ ತಟ್ಟೆಗಳು ಸಾಕಷ್ಟು ಸವೆದಿದ್ದವು. 2007ರಲ್ಲೊಮ್ಮೆ, 2014ರಲ್ಲೊಮ್ಮೆ ತಂತ್ರಜ್ಞರು ಕೂತು ತೊಳೆದು ಬಳಿದು ಹೊಸದಾಗಿ ತಂದರು. ಆದರೂ ಚಟಪಟ ಸದ್ದು ಇದ್ದೇ ಇದೆ, ವಾದ್ಯವೃಂದ ದೂರದ ಕೋಣೆಯಿಂದ ಕೇಳಿದ ಹಾಗೆ. ಆ ಗದ್ದಲದ ಹಿಂದೆ ಒಂದು ದೊಡ್ಡ, ಕಪ್ಪಗಿನ, ಯಾವ ಅವಸರವೂ ಇಲ್ಲದ ದನಿ. ಅದೇ ಸಂಜೆ ವಾಗ್ನರ್ ಸಂಗೀತವನ್ನೂ ಹಾಡಿದ ಕೊರಳು ಅದು. ಈ ಹಾಡುಗಳನ್ನು ಹೀಗೆ ಹಾಡಬೇಕೆಂಬ ಮಾದರಿ ಆಗ ಇರಲಿಲ್ಲ. ಅನುಕರಿಸಲೂ ಧಿಕ್ಕರಿಸಲೂ ಎದುರಿಗೆ ಯಾರೂ ಇಲ್ಲ. ಆಮೇಲೆ ಬಂದ ಪ್ರತಿಯೊಬ್ಬರೂ ಇನ್ನೊಬ್ಬರ ತಟ್ಟೆ ಕೇಳಿ ಬಂದವರು. ಶಬ್ದಶುದ್ಧಿಯ ಅಂಕಪಟ್ಟಿಯಲ್ಲಿ ಇದು ಕೊನೆಯದು. ನನಗೆ ಒಂದನ್ನೇ ಉಳಿಸಿಕೊಳ್ಳಿ ಎಂದರೆ ಡೆಲ್ಲಾ ಕಾಸಾ ಉಳಿಸಿಕೊಳ್ಳುತ್ತೇನೆ. ಎರಡು ಎಂದರೆ ಎರಡನೆಯದು ಈ ಸವೆದದ್ದು.

ಹೀಗೆ ತೀರ್ಪು ಕೊಡುವವರ ಮಾತನ್ನು, ನನ್ನದನ್ನೂ ಸೇರಿಸಿ, ತುಸು ಅನುಮಾನದಿಂದಲೇ ಕೇಳಬೇಕು. ಮೊದಲು ಕೇಳಿದ ತಟ್ಟೆಯೇ ಸರಿ, ಉಳಿದದ್ದೆಲ್ಲ ಅಪಸವ್ಯ ಅನ್ನಿಸುವುದು ಈ ಹವ್ಯಾಸದ ಮೊದಲ ಕಾಯಿಲೆ. ಸಿಗದ ತಟ್ಟೆಯೇ ಶ್ರೇಷ್ಠ ಎಂಬುದು ಎರಡನೆಯದು. ಬೆಲೆ ಏರಿದಷ್ಟೂ ಸಂಗೀತ ಚೆನ್ನಾಗಿ ಕೇಳುತ್ತದೆ. ಇನ್ನೊಂದು ಕಿವಿಗೇ ಸೇರಿದ್ದು: ಎರಡು ಮುದ್ರಿಕೆಗಳಲ್ಲಿ ತುಸು ಜೋರಾಗಿರುವುದೇ ಉತ್ತಮವೆಂದು ಮನುಷ್ಯನ ಕಿವಿ ಹೇಳುತ್ತದೆ. ಆದ್ದರಿಂದ ಹೋಲಿಸುವ ಮುನ್ನ ಎರಡರ ವಾಲ್ಯೂಮ್ ಸಮ ಮಾಡಿಕೊಳ್ಳುವುದು ಅಗತ್ಯ. ಹೆಸರು ಹೇಳದೆ ಇನ್ನೊಬ್ಬರ ಕೈಯಲ್ಲಿ ಹಾಕಿಸಿ ಕೇಳುವುದು ಇನ್ನೂ ಒಳ್ಳೆಯದು. ಆಗ ಎಷ್ಟೋ ದೊಡ್ಡ ಹೆಸರುಗಳು ಕೆಳಗಿಳಿಯುತ್ತವೆ. ಬಿಬಿಸಿ ರೇಡಿಯೊದಲ್ಲಿ ದಶಕಗಳಿಂದ ಒಂದೊಂದು ಕೃತಿಯ ಧ್ವನಿಮುದ್ರಿಕೆಗಳನ್ನೆಲ್ಲ ಜೊತೆಗಿಟ್ಟು ತೂಗುವ ಕಾರ್ಯಕ್ರಮವೇ ಇದೆ. ನಮ್ಮ ಆಕಾಶವಾಣಿಯ ಭಂಡಾರದಲ್ಲಿರುವ ಒಂದೇ ರಾಗದ ಐದಾರು ಗಾಯನಗಳನ್ನು ಹೀಗೆ ಪಕ್ಕಪಕ್ಕದಲ್ಲಿಟ್ಟು ಯಾರಾದರೂ ಬಲ್ಲವರು ಮಾತಾಡಿದರೆ, ಅದಕ್ಕಿಂತ ಒಳ್ಳೆಯ ಸಂಗೀತಪಾಠ ಇನ್ನೊಂದಿಲ್ಲ.

ಈ ಶನಿವಾರ ಸಂಜೆ ಒಂದು ಗಂಟೆ ಬಿಡುವಿದ್ದರೆ ಹೀಗೆ ಮಾಡಿ ನೋಡಿ. ಮೊದಲಿಗೇ ಫ್ಲಾಗ್‌ಸ್ಟಾಡ್ ಬೇಡ, ಗದ್ದಲಕ್ಕೆ ಬೇಸತ್ತು ಅಲ್ಲಿಗೇ ಬಿಟ್ಟುಬಿಡುತ್ತೀರಿ. ಡೆಲ್ಲಾ ಕಾಸಾ ಅವರಿಂದ ಶುರುಮಾಡಿ ನಾಲ್ಕೂ ಹಾಡು ಕೇಳಿ. ಆಮೇಲೆ ಕೊನೆಯ ಹಾಡೊಂದನ್ನೇ ನಾರ್ಮನ್ ಅವರಲ್ಲಿ ಕೇಳಿ, ನಂತರ ಫ್ಲಾಗ್‌ಸ್ಟಾಡ್. ಗದ್ದಲ ಒಂದು ನಿಮಿಷದಲ್ಲಿ ಕಿವಿಗೆ ಒಗ್ಗುತ್ತದೆ. ಇನ್ನೂ ಸಮಯವಿದ್ದರೆ ಮೆಟ್ನರ್ ಅವರ ಮೂರನೆಯ ಕಾಂಚೆರ್ಟೊ ಹಾಕಿ. ನಿಕೊಲಾಯ್ ಡೆಮಿಡೆಂಕೊ ಹೈಪೀರಿಯನ್ ಕಂಪನಿಗೆ ನುಡಿಸಿದ್ದು ಸ್ವಚ್ಛವಾಗಿದೆ, ಕೃತಿಯ ಪರಿಚಯಕ್ಕೆ ಅದು ಒಳ್ಳೆಯದು. ಮೆಟ್ನರ್ ಸ್ವತಃ ನುಡಿಸಿದ್ದೂ ಟೆಸ್ಟಮೆಂಟ್ ಕಂಪನಿಯ ಸಿಡಿಯಲ್ಲಿ ಬಂದಿದೆ. ಅರವತ್ತೇಳರ, ಹೃದ್ರೋಗದ ಮನುಷ್ಯ ನುಡಿಸಿದ್ದೆಂದು ಮೊದಲೇ ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.